ಕೇಳಿದವರ ಗುಟ್ಟು: ಹುಡುಕಾಟ, ಖಾಸಗಿತನ ಮತ್ತು ದುರಸ್ತಿಯ ಕೆಲಸ



ನಾವು ವಾಸಿಸುವ ದಕ್ಷಿಣ ಬೆಂಗಳೂರಿನ ಈ ಭಾಗದಲ್ಲಿ, ಹೊಸೂರು ರಸ್ತೆಯಿಂದ ಬನ್ನೇರುಘಟ್ಟ ರಸ್ತೆಯವರೆಗಿನ ಕೆಲವೇ ಕಿಲೋಮೀಟರಿನೊಳಗೆ, ನಿಮ್ಹಾನ್ಸ್ ಇದೆ, ಕಿದ್ವಾಯಿ ಇದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ ಗಾಂಧಿ ಆಸ್ಪತ್ರೆ, ಜಯದೇವ ಇವೆ. ಬೀದರಿನಿಂದ, ರಾಯಚೂರಿನಿಂದ, ಚಾಮರಾಜನಗರದಿಂದ ರೋಗಿಗಳನ್ನು ಕರೆತಂದವರು ಇವುಗಳ ಅಂಗಳದಲ್ಲಿ ದಿನಗಟ್ಟಲೆ ಕಾಯುತ್ತಾರೆ. ಕಾಯುವಾಗ ಅವರು ಏನು ಮಾಡುತ್ತಾರೆ ಎಂದು ಗಮನಿಸಿ ನೋಡಿ. ಒಳಗೆ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಒಂದು ಪದವನ್ನು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ. ಇದು ವಾಸಿಯಾಗುವ ಕಾಯಿಲೆಯೇ, ಎಷ್ಟು ಖರ್ಚಾಗುತ್ತದೆ, ಮಕ್ಕಳಿಗೂ ಬರುತ್ತದೆಯೇ ಎಂದು ಕೇಳುತ್ತಾರೆ. ಅಷ್ಟರಲ್ಲಿ ಊರಿನಿಂದ ಫೋನ್ ಬಂದರೆ ‘ಏನಿಲ್ಲ, ಸಣ್ಣ ಪುಟ್ಟದ್ದು’ ಎಂದು ಸಮಾಧಾನ ಹೇಳುತ್ತಾರೆ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಕೆಲಸ ಹೋದ ಹುಡುಗ ಅಪ್ಪ ಅಮ್ಮನಿಗೆ ಹೇಳದ್ದನ್ನು ರಾತ್ರಿ ಸರ್ಚ್ ಪೆಟ್ಟಿಗೆಯಲ್ಲಿ ಬರೆಯುತ್ತಾನೆ. ಮನೆಯ ಹೆಣ್ಣುಮಗಳ ಸಂಶಯವೊಂದು ಅವಳ ತಾಯಿಗಿಂತ ಮೊದಲು ಯಾವುದೋ ದೇಶದ ಸರ್ವರಿಗೆ ತಿಳಿದಿರುತ್ತದೆ.

ಇಂದಿನ ನನ್ನ ದತ್ತಿ ಉಪನ್ಯಾಸ ಈ ಪ್ರಶ್ನೆಗಳ ಕುರಿತು. ಇಂಟರ್ನೆಟ್ಟಿನ ಉತ್ತರಗಳ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ; ಸುಳ್ಳು ಸುದ್ದಿ, ಜಾಹೀರಾತು, ಈಗ ಕೃತಕ ಬುದ್ಧಿಮತ್ತೆ. ಕೇಳಿದ ಪ್ರಶ್ನೆ ಎಲ್ಲಿಗೆ ಹೋಗುತ್ತದೆ, ಯಾರ ಬಳಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಕೇಳಿದವರು ಕಡಿಮೆ. ಪ್ರಶ್ನೆ ಕೇಳಿದವರ ಗುಟ್ಟನ್ನು ಕಾಯುವ ಉಪಕರಣ ಇದೆ. ಅದು ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಬಲ್ಲವರಿಗೆ ಅದನ್ನು ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಅದು ಮೇಲಿಂದ ಮೇಲೆ ಕೆಡುತ್ತದೆ. ಕೆಟ್ಟದ್ದನ್ನು ಸರಿಮಾಡುತ್ತ ಕೂರುವವರು ಬೇಕು. ಅಂಥವರಿಗೆ ನಮ್ಮ ಗ್ರಂಥಾಲಯಗಳು, ಕಾಲೇಜುಗಳು ಹೆಗಲು ಕೊಡಬೇಕು. ಇದನ್ನು ನಿಮ್ಮ ಮುಂದಿಡಲೆಂದೇ ನಾನು ಬಂದಿದ್ದೇನೆ.

ಖಾಸಗಿತನದ ಮಾತು ಬಂದಾಗ ಬೆಂಗಳೂರಿಗೆ ಒಂದು ಹೆಮ್ಮೆಯ ಹಕ್ಕಿದೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ 1977ರಿಂದ 1986ರವರೆಗೆ ನ್ಯಾಯಾಧೀಶರಾಗಿದ್ದವರು. ನಿವೃತ್ತರಾಗಿ ಕಾಲು ಶತಮಾನ ಕಳೆದ ಮೇಲೆ, 86ರ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದೆ ಮಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದು ಹೇಳಿತು. ಆ ತೀರ್ಪಿನಲ್ಲಿ ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಸರ್ಕಾರವನ್ನಷ್ಟೇ ಅಲ್ಲ, ನಮ್ಮ ಓಡಾಟ, ಸ್ನೇಹ, ಖರೀದಿಗಳನ್ನೆಲ್ಲ ತಿಳಿದಿರುವ ಕಂಪನಿಗಳನ್ನೂ ಚರ್ಚೆಗೆ ತಂದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ತೀರ್ಪನ್ನು ಇಂದು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ಅದನ್ನು ದಿನನಿತ್ಯದ ಬಳಕೆಗೆ ತರುವ ಕೆಲಸ ಮಾತ್ರ ಅವರ ಊರಿನಲ್ಲೇ ಬಾಕಿ ಇದೆ.

ಹುಡುಕಾಟದ ಪದಗಳು ಒಬ್ಬ ಮನುಷ್ಯನನ್ನು ಎಷ್ಟು ಬಯಲು ಮಾಡುತ್ತವೆ ಎಂಬುದಕ್ಕೆ ಜಗತ್ತು ಮರೆಯಬಾರದ ಉದಾಹರಣೆ 2006ರ ಆಗಸ್ಟಿನದು. ಅಮೆರಿಕದ ಎಒಎಲ್ ಕಂಪನಿ ಸಂಶೋಧಕರಿಗೆ ಅನುಕೂಲವಾಗಲಿ ಎಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಬಹಿರಂಗಪಡಿಸಿತು. ಹೆಸರು ತೆಗೆದು ಸಂಖ್ಯೆ ಹಾಕಿದ್ದೇವೆ, ಯಾರಿಗೂ ತೊಂದರೆಯಿಲ್ಲ ಎಂದು ಅವರು ನಂಬಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ 62 ವರ್ಷದ ಮಹಿಳೆಯ ಮನೆ ಬಾಗಿಲಿಗೇ ಹೋದರು. ಆಕೆ ಹುಡುಕಿದ್ದ ಊರಿನ ಹೆಸರು, ಮನೆತನದ ಹೆಸರು, ಸಾಕುನಾಯಿಯ ತೊಂದರೆ, ಕಾಯಿಲೆಗಳು ಇವೇ ಆಕೆಯ ವಿಳಾಸ ಹೇಳಿದ್ದವು. ಜಯನಗರದ ಒಂದು ಬ್ಲಾಕು, ಒಂದು ಶಾಲೆ, ಒಂದು ಉಪನಾಮ, ಒಂದು ರೋಗ ಸೇರಿದರೆ ನಮ್ಮಲ್ಲಿ ಎಷ್ಟು ಮಂದಿ ಉಳಿಯುತ್ತೇವೆ, ನೀವೇ ಲೆಕ್ಕ ಹಾಕಿ.

ಈಗ ಉಪಕರಣಕ್ಕೆ ಬರೋಣ. ಸರ್ಚ್ ಪ್ರಾಕ್ಸಿ ಎಂದರೆ ನಮಗೂ ಸರ್ಚ್ ಎಂಜಿನ್‌ಗೂ ನಡುವೆ ನಿಲ್ಲುವ ಒಂದು ಸಣ್ಣ ಸರ್ವರ್. ಬೀದಿಯ ಇಪ್ಪತ್ತು ಮನೆಯವರು ತಮ್ಮ ತಮ್ಮ ಔಷಧಿ ಚೀಟಿಗಳನ್ನು ಒಬ್ಬನೇ ಹುಡುಗನ ಕೈಲಿ ಕೊಟ್ಟು ಮೆಡಿಕಲ್ ಶಾಪಿಗೆ ಕಳಿಸಿದರೆ, ಯಾವ ಮಾತ್ರೆ ಯಾವ ಮನೆಗೆ ಎಂದು ಅಂಗಡಿಯವನಿಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ನೀವು ಕೇಳಿದ ಪದವನ್ನು ಪ್ರಾಕ್ಸಿ ತನ್ನ ಹೆಸರಿನಲ್ಲಿ ಕೇಳುತ್ತದೆ. ನಿಮ್ಮ ಕುಕೀಗಳು, ನಿಮ್ಮ ಲಾಗಿನ್, ನಿಮ್ಮ ಫೋನಿನ ಗುರುತು, ನಿಮ್ಮ ಐಪಿ ವಿಳಾಸ ಯಾವುದೂ ಆಚೆಗೆ ಹೋಗುವುದಿಲ್ಲ. ಬಂದ ಉತ್ತರಗಳಿಂದ ಜಾಹೀರಾತುಗಳನ್ನೂ ಬೆನ್ನುಹತ್ತುವ ಲಿಂಕುಗಳನ್ನೂ ಕಿತ್ತುಹಾಕಿ, ಹಲವು ಎಂಜಿನ್‌ಗಳ ಫಲಿತಾಂಶಗಳನ್ನು ಸೇರಿಸಿ ನಿಮ್ಮ ಮುಂದಿಡುತ್ತದೆ.

ಇದು ಹೊಸ ವಿಚಾರವೇನೂ ಅಲ್ಲ. ಹಲವು ಎಂಜಿನ್‌ಗಳಲ್ಲಿ ಒಟ್ಟಿಗೆ ಹುಡುಕುವ ಮೆಟಾಗೇರ್ ಜರ್ಮನಿಯ ಹ್ಯಾನೋವರಿನಲ್ಲಿ 1996ರಲ್ಲೇ ಶುರುವಾಯಿತು. ಗೂಗಲ್ಲಿನ ಉತ್ತರಗಳನ್ನು ಸೋಸಿ ಕೊಡುತ್ತಿದ್ದ ಸ್ಕ್ರೂಗಲ್ 2012ರ ಫೆಬ್ರವರಿಯಲ್ಲಿ ಮುಚ್ಚಿತು. ಹಂಗೇರಿಯ ಆಡಂ ಟೌಬರ್ ಆರಂಭಿಸಿದ ಸರ್ಕ್ಸ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದಾಗಿತ್ತು. 2021ರಲ್ಲಿ ಅದರಿಂದ ಕವಲೊಡೆದದ್ದು ಸರ್ಕ್ಸ್ಎನ್‌ಜಿ. ಮೂಲ ಸರ್ಕ್ಸ್‌ನ ಕೆಲಸ 2023ರಲ್ಲಿ ನಿಂತಿತು, ಕವಲು ಇವತ್ತಿಗೂ ಜೀವಂತವಾಗಿದೆ. ಬೆನ್ ಬಸ್ಬಿ 2020ರಲ್ಲಿ ಬರೆದ ವೂಗಲ್ ಗೂಗಲ್ ಒಂದನ್ನೇ ನಂಬಿಕೊಂಡಿತ್ತು. 2025ರ ಜನವರಿ 16ರ ಹೊತ್ತಿಗೆ ಗೂಗಲ್, ಜಾವಾಸ್ಕ್ರಿಪ್ಟ್ ಇಲ್ಲದ ಬ್ರೌಸರುಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸತೊಡಗಿದಾಗ ಅದರ ಬುಡವೇ ಅಲುಗಿತು. ಅದೇ ವರ್ಷ ಆಗಸ್ಟ್ 11ಕ್ಕೆ ಮೈಕ್ರೋಸಾಫ್ಟ್, ಬೇರೆಯವರ ತಂತ್ರಾಂಶಗಳಿಗೆ ಫಲಿತಾಂಶ ಒದಗಿಸುತ್ತಿದ್ದ ತನ್ನ ಬಿಂಗ್ ಸರ್ಚ್ ಎಪಿಐಯನ್ನು ಮುಚ್ಚಿತು. ಒಂದೇ ಮೂಲವನ್ನು ನೆಚ್ಚಿಕೊಂಡವರು ಬೀಳುತ್ತಾರೆ, ಹತ್ತು ಮೂಲಗಳನ್ನು ಇಟ್ಟುಕೊಂಡವರು ಕುಂಟುತ್ತಲಾದರೂ ನಡೆಯುತ್ತಾರೆ. ಆದ್ದರಿಂದ ನಾನು ಸರ್ಕ್ಸ್ಎನ್‌ಜಿಯ ಪಕ್ಷದವನು, ಮುಂದಿನ ಮಾತೆಲ್ಲ ಅದನ್ನೇ ಇಟ್ಟುಕೊಂಡು.

ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಿಮ್ಮ ಮನೆಯಲ್ಲಿ ನಿಮಗೊಬ್ಬರಿಗೇ ಇಂಥ ಪ್ರಾಕ್ಸಿ ಹಾಕಿಕೊಂಡರೆ ಸಿಗುವ ರಕ್ಷಣೆ ಅಲ್ಪ. ಆಚೆಯ ಕಂಪನಿಗೆ ಕಾಣುವುದು ನಿಮ್ಮ ಮನೆಯ ಐಪಿಯೇ. ಕುಕೀ ಹೋಗುವುದಿಲ್ಲ ನಿಜ, ಆದರೆ ಆ ಐಪಿಯಿಂದ ಬರುವ ಪ್ರಶ್ನೆಗಳೆಲ್ಲ ಒಬ್ಬರವೇ ಎಂದು ಊಹಿಸುವುದು ಕಷ್ಟವಲ್ಲ. ಗುಂಪಿದ್ದರೆ ಮಾತ್ರ ಮರೆ. ಮೂವತ್ತು ನಲವತ್ತು ಮನೆಗಳ ಪ್ರಶ್ನೆ ಒಂದೇ ಬಾಗಿಲಿಂದ ಹೊರಟಾಗ, ಕ್ಯಾನ್ಸರ್ ಬಗ್ಗೆ ಕೇಳಿದವರು ಯಾರು, ವಿಚ್ಛೇದನದ ಬಗ್ಗೆ ಕೇಳಿದವರು ಯಾರು ಎಂಬುದು ಕಲಸಿಹೋಗುತ್ತದೆ.

ಆದರೆ ಗುಂಪು ಎಂದ ಕೂಡಲೇ ಇನ್ನೊಂದು ಭಯ ಬರುತ್ತದೆ, ಅದು ಇನ್ನೂ ದೊಡ್ಡದು. ಕ್ಯಾಲಿಫೋರ್ನಿಯಾದ ಕಂಪನಿಗೆ ನನ್ನ ಕಾಯಿಲೆ ಗೊತ್ತಾದರೆ ಅದು ನನಗೊಂದು ಜಾಹೀರಾತು ತೋರಿಸೀತು. ಪಕ್ಕದ ಬೀದಿಯವರಿಗೆ ಗೊತ್ತಾದರೆ ಮಗಳ ಮದುವೆ ಮಾತುಕತೆ ಮುರಿದೀತು. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಪ್ರಶ್ನೆಗಳನ್ನು ಓದಬಹುದು, ಇದರಲ್ಲಿ ಎರಡು ಮಾತಿಲ್ಲ. ಬನಶಂಕರಿ 2ನೇ ಹಂತದಲ್ಲಿ ಕೆಲವು ಮನೆಗಳಿಗಾಗಿ ಇಂಥದೊಂದು ಸರ್ವರನ್ನು ನೋಡಿಕೊಳ್ಳುತ್ತಿರುವವನಾಗಿ ಹೇಳುತ್ತೇನೆ: ‘ನಾನು ಒಳ್ಳೆಯವನು, ನಂಬಿ’ ಎನ್ನುವುದು ಉತ್ತರವೇ ಅಲ್ಲ. ಓದಲು ಏನೂ ಇಲ್ಲದಂತೆ ಯಂತ್ರವನ್ನು ಕಟ್ಟುವುದು, ಕಟ್ಟಿದ್ದನ್ನು ಇನ್ನೊಬ್ಬರು ಬಂದು ಪರೀಕ್ಷಿಸುವುದು, ಇವೆರಡೇ ಉತ್ತರ.

ಇಲ್ಲಿ ಸ್ವಲ್ಪ ಒಳಗೆ ಇಳಿಯುತ್ತೇನೆ. ಸರ್ಕ್ಸ್ಎನ್‌ಜಿ ತಾನಾಗಿ ಪ್ರಶ್ನೆಗಳ ದಾಖಲೆ ಇಡುವುದಿಲ್ಲ. ಆದರೆ ಅದರ ಮುಂದೆ ಕೂರಿಸುವ ವೆಬ್ ಸರ್ವರ್, ಎನ್‌ಜಿನ್ಎಕ್ಸ್ ಎಂದಿಟ್ಟುಕೊಳ್ಳಿ, ತನಗೆ ಬಂದ ಪ್ರತಿ ಕೋರಿಕೆಯನ್ನೂ ಒಂದು ಸಾಲಾಗಿ ಲಾಗ್ ಫೈಲಿನಲ್ಲಿ ಬರೆದಿಡುತ್ತದೆ. ಹುಡುಕಾಟ ಗೆಟ್ ವಿಧಾನದಲ್ಲಿ ನಡೆದರೆ ಪ್ರಶ್ನೆಯೂ ವಿಳಾಸದ ಭಾಗವಾಗಿ ಆ ಸಾಲಿನಲ್ಲಿ ಕೂತುಬಿಡುತ್ತದೆ. ‘ಖಿನ್ನತೆ’ ಎಂಬ ಪದವನ್ನು ಯಾರೋ ಹುಡುಕಿದರು ಎನ್ನಿ. ಯೂನಿಕೋಡಿನಲ್ಲಿ ಅದು ಏಳು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರ. ಹೀಗೆ ಲಾಗಿನಲ್ಲಿ 63 ಅಕ್ಷರಗಳ ಒಂದು ಗೋಜಲು ಕಾಣುತ್ತದೆ. ನೋಡಿದವರಿಗೆ ಅರ್ಥವಾಗದು ಎಂಬ ಧೈರ್ಯ ಬೇಡ; ಅದನ್ನು ಮತ್ತೆ ಕನ್ನಡಕ್ಕೆ ತರಲು ಒಂದು ಸಾಲಿನ ಆಜ್ಞೆ ಸಾಕು. ಪಕ್ಕದಲ್ಲೇ ಸಮಯ ಇದೆ, ಮನೆಯ ಐಪಿ ಇದೆ.

ಅದಕ್ಕಾಗಿಯೇ ಸರ್ಕ್ಸ್ಎನ್‌ಜಿಯ ಮೂಲ ಹೊಂದಾಣಿಕೆಯಲ್ಲಿ ಪೋಸ್ಟ್ ವಿಧಾನ ಇದೆ. ಪೋಸ್ಟಿನಲ್ಲಿ ಪ್ರಶ್ನೆ ಕೋರಿಕೆಯ ಒಡಲಿನೊಳಗೆ ಹೋಗುತ್ತದೆ, ವೆಬ್ ಸರ್ವರಿನ ಮಾಮೂಲಿ ಲಾಗಿಗೆ ಅದು ಬೀಳುವುದಿಲ್ಲ. ಅದರಿಂದ ಒಂದು ಕಿರಿಕಿರಿ ಉಂಟು. ಹಿಂದಿನ ಪುಟಕ್ಕೆ ಹೋಗಲು ಬ್ಯಾಕ್ ಒತ್ತಿದರೆ ಫಾರ್ಮನ್ನು ಮತ್ತೆ ಕಳಿಸಬೇಕೇ ಎಂದು ಬ್ರೌಸರ್ ಕೇಳುತ್ತದೆ. ಜನ ಬೇಸತ್ತು ಗೆಟ್‌ಗೆ ಬದಲಿಸಿ ಎನ್ನುತ್ತಾರೆ, ನಡೆಸುವವರು ಪಾಪ ಎಂದು ಬದಲಿಸಿಬಿಡುತ್ತಾರೆ, ಆ ದಿನದಿಂದ ಲಾಗ್ ತುಂಬತೊಡಗುತ್ತದೆ. ಹಾಗೆಯೇ ಟೈಪ್ ಮಾಡುತ್ತಿದ್ದಂತೆ ಪದ ಸೂಚಿಸುವ ಸೌಲಭ್ಯ. ಅದು ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಆನ್ ಮಾಡಿದರೆ ಅರ್ಧ ಬರೆದ, ಅಳಿಸಿದ, ಕೇಳಬೇಕೆಂದು ಹೊರಟು ಬೇಡವೆಂದು ಬಿಟ್ಟ ಪ್ರಶ್ನೆಗಳೂ ಹೊರಗೆ ಹೋಗುತ್ತವೆ. ನನ್ನ ತೀರ್ಮಾನ ಸ್ಪಷ್ಟ: ಪೋಸ್ಟ್ ಇರಲಿ, ಸೂಚನೆ ಬೇಡ, ಬ್ಯಾಕ್ ಬಟನ್ನಿನ ಕಿರಿಕಿರಿಯನ್ನು ಸಹಿಸಿಕೊಳ್ಳೋಣ.

ಮಿತಿಯನ್ನೂ ಹೇಳಿಬಿಡುತ್ತೇನೆ. ಫಲಿತಾಂಶದ ಲಿಂಕ್ ಒತ್ತಿದ ಮೇಲೆ ನೀವು ನಿಮ್ಮದೇ ಐಪಿಯಿಂದ ಆ ಜಾಲತಾಣಕ್ಕೆ ಹೋಗುತ್ತೀರಿ. ಅಲ್ಲಿಂದಾಚೆ ಪ್ರಾಕ್ಸಿಯ ಕಾವಲಿಲ್ಲ.

ಈಗ ದುರಸ್ತಿಯ ಕತೆ. ‘ಸರ್, ಏನ್ ಹುಡುಕಿದ್ರೂ ಏನೂ ಬರ್ತಿಲ್ಲ’ ಎಂದು ಬೆಳಗ್ಗೆಯೇ ಒಬ್ಬರು ಹಿರಿಯರು ಫೋನ್ ಮಾಡುತ್ತಾರೆ. ಮೊದಲು ನೋಡಬೇಕಾದದ್ದು ಕೆಟ್ಟಿರುವುದು ಒಂದು ಎಂಜಿನ್ನೋ ಎಲ್ಲವೂ ಕೆಟ್ಟಿವೆಯೋ ಎಂದು. ಯಾವ ಎಂಜಿನ್ ಏಕೆ ಸೋತಿತು ಎಂಬುದನ್ನು ಫಲಿತಾಂಶದ ಪುಟವೇ ಹೇಳುತ್ತದೆ: ಟೈಮ್‌ಔಟ್, ಕ್ಯಾಪ್ಚಾ, ವಿಪರೀತ ಕೋರಿಕೆ, ಪಾರ್ಸಿಂಗ್ ಎರರ್. ಇವೆಲ್ಲಕ್ಕಿಂತ ಕೆಟ್ಟದ್ದು ಯಾವ ದೂರೂ ಇಲ್ಲದೆ ಸೊನ್ನೆ ಫಲಿತಾಂಶ ಬರುವುದು.

ಮುಖ್ಯ ಸರ್ಚ್ ಎಂಜಿನ್‌ಗಳಿಗೆಲ್ಲ ಸರ್ಕ್ಸ್ಎನ್‌ಜಿಯಲ್ಲಿ ಒಂದೊಂದು ಪೈಥಾನ್ ಫೈಲ್ ಇದೆ. ಅದರಲ್ಲಿ ಮುಖ್ಯವಾಗಿ ಎರಡು ಫಂಕ್ಷನ್. ರಿಕ್ವೆಸ್ಟ್ ಎಂಬುದು ಕೇಳುವ ವಿಳಾಸವನ್ನು ಕಟ್ಟುತ್ತದೆ, ರೆಸ್ಪಾನ್ಸ್ ಎಂಬುದು ಬಂದ ಪುಟವನ್ನು ಓದುತ್ತದೆ. ಪುಟದ ಇಂಥ ಡಬ್ಬಿಯೊಳಗೆ, ಇಂಥ ಹೆಸರಿನ ಕ್ಲಾಸಿನಲ್ಲಿ ಶೀರ್ಷಿಕೆ ಇದೆ, ಅದರೊಳಗೆ ಲಿಂಕ್ ಇದೆ ಎಂದು ಎಕ್ಸ್‌ಪಾತ್ ಭಾಷೆಯಲ್ಲಿ ದಾರಿ ಬರೆದಿರುತ್ತದೆ. ಆ ಕಡೆಯವರು ಒಂದು ರಾತ್ರಿ ತಮ್ಮ ಪುಟದ ವಿನ್ಯಾಸ ಬದಲಿಸಿ ಕ್ಲಾಸಿನ ಹೆಸರನ್ನು ಅರ್ಥವಿಲ್ಲದ ಬೇರೆ ನಾಲ್ಕು ಅಕ್ಷರ ಮಾಡಿದರೆ ದಾರಿ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತದೆ. ತಪ್ಪು ಯಾರದೂ ಅಲ್ಲ, ಪುಟ ಅವರದು. ಆಗ ಮಾಡಬೇಕಾದದ್ದು ಬಂದ ಪುಟವನ್ನು ಹಾಗೇ ಒಂದು ಫೈಲಿಗೆ ಉಳಿಸಿ, ತೆರೆದು, ಶೀರ್ಷಿಕೆ ಈಗ ಎಲ್ಲಿ ಕೂತಿದೆ ಎಂದು ಕಣ್ಣಾರೆ ನೋಡುವುದು. ಹೊಸ ದಾರಿ ಬರೆಯುವಾಗ ಕ್ಲಾಸಿನ ಹೆಸರನ್ನು ಆದಷ್ಟು ನೆಚ್ಚಬಾರದು. ‘ಒಳಗೆ ಶೀರ್ಷಿಕೆ ಇರುವ ಲಿಂಕ್’ ಎಂದು ರಚನೆಯ ಮೇಲೆ ಬರೆದ ದಾರಿ ಹೆಚ್ಚು ದಿನ ಬಾಳುತ್ತದೆ. ಆಮೇಲೆ ಒಂದು ಇಂಗ್ಲಿಷ್ ಪದ, ಒಂದು ಕನ್ನಡ ಪದ, ಒತ್ತಕ್ಷರ ತುಂಬಿದ ಒಂದು ಪದಗುಚ್ಛ ಹಾಕಿ ಪರೀಕ್ಷೆ. ಸರಿಯಾದರೆ ಆ ತಿದ್ದುಪಡಿಯನ್ನು ಮೂಲ ಯೋಜನೆಗೆ ಕಳಿಸಬೇಕು. ಇಲ್ಲಿ ತಿದ್ದಿದ್ದು ಲಿಸ್ಬನ್ನಿನಲ್ಲೂ ಕೆಲಸ ಮಾಡುತ್ತದೆ, ಅಲ್ಲಿ ತಿದ್ದಿದ್ದು ನಮಗೆ ಬರುತ್ತದೆ. ಈ ತಂತ್ರಾಂಶದ ಎಜಿಪಿಎಲ್ ಪರವಾನಗಿ ಕೇಳುವುದೂ ಅದನ್ನೇ: ಬದಲಾಯಿಸಿ ಜನರಿಗೆ ಒದಗಿಸುವವರು ಬದಲಾಯಿಸಿದ ಮೂಲವನ್ನೂ ಒದಗಿಸಬೇಕು.

ಕ್ಯಾಪ್ಚಾ ಬಂದರೆ ರೋಗ ಬೇರೆ. ಕೋಡ್ ಸರಿಯಾಗಿಯೇ ಇರುತ್ತದೆ, ನಮ್ಮ ಐಪಿಯ ಮೇಲೆ ಆ ಕಡೆಯವರಿಗೆ ಸಂಶಯ ಬಂದಿರುತ್ತದೆ. ಸರ್ಕ್ಸ್ಎನ್‌ಜಿ ಆಗ ಆ ಎಂಜಿನ್ನನ್ನು 24 ಗಂಟೆ ಬದಿಗಿಡುತ್ತದೆ. ವಿಪರೀತ ಕೋರಿಕೆ ಎಂಬ ಉತ್ತರ ಬಂದರೆ ಒಂದು ಗಂಟೆ. ಹೊಸಬರು ತಾಳ್ಮೆಗೆಟ್ಟು ಈ ಅವಧಿಯನ್ನು ಸೊನ್ನೆ ಮಾಡುತ್ತಾರೆ, ಸರ್ವರನ್ನು ಪದೇ ಪದೇ ಮರುಚಾಲನೆ ಮಾಡುತ್ತಾರೆ. ಅದರಿಂದ ಸಂಶಯ ಗಟ್ಟಿಯಾಗಿ ಬಾಗಿಲು ಇನ್ನೂ ಬಿಗಿಯಾಗುತ್ತದೆ. ಕಾರಣ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಹೊರಗಿನ ಬಾಟ್‌ಗಳು. ಸರ್ವರನ್ನು ಲೋಕಕ್ಕೆಲ್ಲ ತೆರೆದಿಟ್ಟರೆ ಎಲ್ಲಿಂದಲೋ ಬಂದ ಯಂತ್ರಗಳು ಗಂಟೆಗೆ ಸಾವಿರಾರು ಪ್ರಶ್ನೆ ಸುರಿಯುತ್ತವೆ, ನಮ್ಮ ನಾಲ್ಕು ಮನೆಯವರ ಹೆಸರು ಕೆಡುತ್ತದೆ. ಆದ್ದರಿಂದ ಬಳಗದವರಿಗಷ್ಟೇ ತೆರೆಯಿರಿ, ವೈರ್‌ಗಾರ್ಡ್‌ನಂಥ ಸುರಂಗದ ಮೂಲಕ ಒಳಗೆ ಬಿಡಿ.

ಸರ್ವರ್ ಎಲ್ಲಿರಬೇಕು ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಡೇಟಾ ಸೆಂಟರಿನ ಐಪಿಗಳನ್ನು ಸರ್ಚ್ ಎಂಜಿನ್‌ಗಳು ಬೇಗ ಅನುಮಾನಿಸುತ್ತವೆ, ಮನೆಯ ಬ್ರಾಡ್‌ಬ್ಯಾಂಡ್ ಐಪಿಗೆ ಮರ್ಯಾದೆ ಹೆಚ್ಚು. ಆದರೆ ನಮ್ಮ ಬಡಾವಣೆಗಳಲ್ಲಿ ಬಹುಪಾಲು ಮನೆ ಸಂಪರ್ಕಗಳು ನೂರಾರು ಮನೆಗಳಿಗೆ ಒಂದೇ ಐಪಿ ಹಂಚುವ ವ್ಯವಸ್ಥೆಯ ಹಿಂದಿರುತ್ತವೆ, ಹೊರಗಿನಿಂದ ಒಳಬರಲು ದಾರಿಯಿಲ್ಲ. ಸ್ಥಿರ ಐಪಿಗೆ ಬೇರೆ ಹಣ ಕೊಡಬೇಕು, ಇಲ್ಲವೇ ತಿಂಗಳಿಗೆ ಕೆಲವು ನೂರು ರೂಪಾಯಿಯ ಬಾಡಿಗೆ ಸರ್ವರ್ ಒಂದನ್ನು ಬಾಗಿಲಾಗಿ ಇಟ್ಟುಕೊಂಡು ಸುರಂಗದಿಂದ ಮನೆಯ ಯಂತ್ರಕ್ಕೆ ಜೋಡಿಸಬೇಕು. ಬೆಸ್ಕಾಂನವರು ಕರೆಂಟ್ ತೆಗೆದಾಗ ಆಸರೆಗೆ ಒಂದು ಯುಪಿಎಸ್ ಇರಲಿ.

ಸರ್ಚ್ ಎಂಜಿನ್‌ಗಳ ಷರತ್ತುಗಳು ಇಂಥ ಯಂತ್ರದ ಕೋರಿಕೆಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂಬುದನ್ನು ನಡೆಸುವವರು ತಿಳಿದಿರಬೇಕು. ಹಾಗಾಗಿ ಹಣ ಕೊಟ್ಟು ಬಳಸುವ ಎಪಿಐಗಳು, ಮೊಜೀಕ್‌ನಂತೆ ಸ್ವಂತ ಸೂಚಿ ಇರುವ ಎಂಜಿನ್‌ಗಳು, ಮುಕ್ತ ಆಕರಗಳು ಇವುಗಳ ಪಾಲನ್ನು ಹೆಚ್ಚಿಸುತ್ತ ಹೋಗುವುದು ಮರ್ಯಾದೆಯ ದಾರಿ.

ಕನ್ನಡಿಗರಾದ ನಮಗೆ ಆ ಮುಕ್ತ ಆಕರಗಳು ಇಲ್ಲೇ, ಕೈಗೆಟಕುವಲ್ಲಿ ಇವೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಅಲರ್ ಕನ್ನಡ–ಇಂಗ್ಲಿಷ್ ಪದಕೋಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಕ್ಕಿತು. ಅದನ್ನು ಜಾಲದಲ್ಲಿ ನಿಲ್ಲಿಸಿರುವ ಡಿಕ್ಟ್‌ಪ್ರೆಸ್ ಎಂಬ ತಂತ್ರಾಂಶ ಬರೆದವರು, ಜೆ.ಪಿ. ನಗರದ ಝೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಕನ್ನಡ ವಿಕಿಸೋರ್ಸ್ ಇದೆ. ಜಯನಗರ 4ನೇ ಟಿ ಬ್ಲಾಕಿನ ಐಟಿ ಫಾರ್ ಚೇಂಜ್ ಸಂಸ್ಥೆ ನಮ್ಮ ಶಾಲಾ ಶಿಕ್ಷಕರೊಂದಿಗೆ ಸೇರಿ ಬೆಳೆಸಿದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ವಿಕಿ ತಂತ್ರಾಂಶದಲ್ಲೇ ನಡೆಯುತ್ತದೆ. ವಿಕಿ ಮಾದರಿಯ ತಾಣವನ್ನು ಸರ್ಕ್ಸ್ಎನ್‌ಜಿಗೆ ಸೇರಿಸಲು ಹೊಸ ಕೋಡ್ ಬೇಕಿಲ್ಲ, ಸೆಟ್ಟಿಂಗ್ ಫೈಲಿನಲ್ಲಿ ನಾಲ್ಕಾರು ಸಾಲು ಸಾಕು. ಹೀಗೆ ಹೊಂದಿಸಿದ ಪ್ರಾಕ್ಸಿಯಲ್ಲಿ ‘ಪಡಸಾಲೆ’ ಎಂದು ಹುಡುಕಿದ ಹೈಸ್ಕೂಲು ಹುಡುಗಿಗೆ ರಿಯಲ್ ಎಸ್ಟೇಟ್ ಜಾಹೀರಾತಿನ ಬದಲು ಪದದ ಅರ್ಥ ಮೊದಲು ಸಿಗುತ್ತದೆ.

ಕನ್ನಡದ ಬರವಣಿಗೆಯಲ್ಲೇ ಅಡಗಿರುವ ತೊಡಕುಗಳನ್ನೂ ನಾವೇ ನೋಡಿಕೊಳ್ಳಬೇಕು. ‘ವೆಬ್‌ಸೈಟ್’ ಎಂದು ಬರೆಯುವಾಗ ಒತ್ತಕ್ಷರ ಆಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬರುತ್ತದೆ. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಓತ್ವದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದ. ಪ್ರಶ್ನೆಯನ್ನು ಹೊರಗೆ ಕಳಿಸುವ ಮುಂಚೆ ಇವನ್ನು ಒಂದೇ ರೂಪಕ್ಕೆ ತರುವ ಸಣ್ಣ ಪ್ಲಗಿನ್ ಬರೆದರೆ ಫಲಿತಾಂಶ ಸುಧಾರಿಸುತ್ತದೆ. ಆ ತೊಡಕು ಕಣ್ಣಿಗೆ ಬೀಳುವುದು ದಿನವೂ ಕನ್ನಡದಲ್ಲಿ ಹುಡುಕುವವರಿಗೆ. ದೂರದ ಡೆವಲಪರ್‌ಗಳು ಎಷ್ಟೇ ಒಳ್ಳೆಯವರಾದರೂ ಇದನ್ನು ತಾವಾಗಿ ಕಂಡುಹಿಡಿಯಲಾರರು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಮನೆಯ, ಸ್ವಂತದ ಬಳಕೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸಂಸ್ಥೆಯೊಂದು ಪ್ರಾಕ್ಸಿ ನಡೆಸಿದರೆ ಲೆಕ್ಕ ಬೇರೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎನ್ನುತ್ತದೆ. ಪೋಸ್ಟ್ ವಿಧಾನ ಬಳಸಿದಾಗ ಸರ್ವರಿನ ಲಾಗ್ ಇದ್ದರೂ ಅದರಲ್ಲಿ ಪ್ರಶ್ನೆ ಇರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ. ಯಾವ ಸಂಸ್ಥೆಯೂ ಇದಕ್ಕೆ ಕೈಹಾಕುವ ಮುಂಚೆ ವಕೀಲರೊಬ್ಬರ ಸಲಹೆ ಪಡೆಯಲಿ.

ಪ್ರಾಕ್ಸಿ ನಡೆಸುವ ಹೊಣೆಯನ್ನು ಗ್ರಂಥಾಲಯಗಳ ಮೇಲೇಕೆ ಹೊರಿಸುತ್ತೀರಿ ಎಂದು ಕೆಲವರು ಕೇಳಿದ್ದಾರೆ. ಓದುಗನ ಗುಟ್ಟನ್ನು ಕಾಯುವುದು ಗ್ರಂಥಪಾಲಕರ ಹಳೆಯ ವೃತ್ತಿಧರ್ಮ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ಅದನ್ನು ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ನಮ್ಮ ಹಲವು ಕಾಲೇಜುಗಳು ಬಳಸುವ ಕೋಹಾ ತಂತ್ರಾಂಶದಲ್ಲಿ, ಹಿಂದಿರುಗಿಸಿದ ಪುಸ್ತಕದಿಂದ ಓದುಗರ ಹೆಸರನ್ನು ಅಳಿಸಿಹಾಕುವ ಸೌಲಭ್ಯ ಇದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಶುರುಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ತಮ್ಮ ಉಳಿತಾಯದಿಂದ ಪತ್ನಿಯ ಹೆಸರಿನಲ್ಲಿ ಶಾರದಾ ರಂಗನಾಥನ್ ದತ್ತಿಯನ್ನೂ ಸ್ಥಾಪಿಸಿದರು. ದತ್ತಿಯೊಂದರ ವೇದಿಕೆಯಿಂದ ಆ ಹೆಸರನ್ನು ಸ್ಮರಿಸುವುದು ನನಗೆ ಸಂತೋಷದ ವಿಷಯ. ಓದುಗ ಬಂದು ಕೇಳಿದ ಪ್ರಶ್ನೆಗೆ ನೆರವಾಗುವ ರೆಫರೆನ್ಸ್ ಸೇವೆಯನ್ನು ಅವರು ಗ್ರಂಥಾಲಯದ ಮುಖ್ಯ ಕೆಲಸವೆಂದು ಕಂಡವರು. ಜನ ಇಂದು ಆ ಪ್ರಶ್ನೆಗಳನ್ನು ಕೌಂಟರಿಗೆ ತರುವುದಿಲ್ಲ, ಮೊಬೈಲಿನಲ್ಲಿ ಕೇಳುತ್ತಾರೆ. ಸೇವೆಯೂ ಅಲ್ಲಿಗೆ ಹೋಗಬೇಕಲ್ಲವೇ? ದುಡ್ಡಿಲ್ಲ ಎನ್ನುವಂತಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ.

ದುರಸ್ತಿ ಮಾಡುವವರಿಗೆ ಹಣ ಕೊಡುವ ವಿಚಾರಕ್ಕೂ ಮಾದರಿ ನಮ್ಮ ನೆರೆಯಲ್ಲೇ ಇದೆ. ಝೆರೋಧಾ 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಘೋಷಿಸಿ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ಮುಕ್ತ ತಂತ್ರಾಂಶದ ಇಂಡಿಯಾಫಾಸ್ ಸಮಾವೇಶ ನಡೆದಾಗ ಬಂದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಆ ಮಕ್ಕಳಿಗೆ ಕೆಲಸ ಗೊತ್ತು. ಹೊಸದನ್ನು ಬರೆದವರಿಗೆ ಸಿಗುವ ಚಪ್ಪಾಳೆ ಹಳೆಯದನ್ನು ತಿದ್ದಿದವರಿಗೆ ಸಿಗುವುದಿಲ್ಲ ಎಂಬುದಷ್ಟೇ ಅವರನ್ನು ಹಿಂದೆಳೆಯುತ್ತದೆ. ಕಾಲೇಜುಗಳು ಒಂದು ಎಂಜಿನ್ ಫೈಲಿನ ದುರಸ್ತಿಯನ್ನು ಪ್ರಾಜೆಕ್ಟ್ ಎಂದು ಒಪ್ಪಿ ಅಂಕ ಕೊಟ್ಟರೆ ಸಾಕು, ಈ ಭಾಗದ ಎಂಜಿನಿಯರಿಂಗ್ ಕಾಲೇಜುಗಳಿಂದಲೇ ಬೇಕಾದಷ್ಟು ಕೈಗಳು ಸಿಗುತ್ತವೆ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಈ ಸಭೆಯಲ್ಲಿರುವ ಪ್ರಾಂಶುಪಾಲರು, ಗ್ರಂಥಪಾಲಕರು ತಮ್ಮ ತಮ್ಮ ಸಂಸ್ಥೆಯಲ್ಲಿ ಒಂದು ಸರ್ವರಿಗೆ ಜಾಗ ಕೊಡಲಿ, ಅದನ್ನು ನೋಡಿಕೊಳ್ಳಲು ಒಬ್ಬರನ್ನು ಹೆಸರು ಹೇಳಿ ನೇಮಿಸಲಿ, ಹೊರಗಿನ ಮತ್ತೊಬ್ಬರು ಬಂದು ಅದರ ಲಾಗ್‌ಗಳನ್ನು ಪರೀಕ್ಷಿಸಲು ಬಾಗಿಲು ತೆರೆದಿಡಲಿ. ಪೈಥಾನ್ ಬಲ್ಲ ತರುಣ ತರುಣಿಯರು ಕನ್ನಡದ ಆಕರಗಳನ್ನು ಸೇರಿಸುವ, ಕೆಟ್ಟ ಎಂಜಿನ್‌ಗಳನ್ನು ತಿದ್ದುವ ಕೆಲಸಕ್ಕೆ ಬರಲಿ. ಬಳಸುವವರು ಕೆಟ್ಟ ದಿನ ಬೇಸರ ಮಾಡಿಕೊಂಡು ಬಿಟ್ಟುಹೋಗದೆ, ಯಾವ ಎಂಜಿನ್ ಏನೆಂದು ದೂರಿತು ಎಂಬ ಒಂದು ಸಾಲನ್ನು ನಡೆಸುವವರಿಗೆ ತಿಳಿಸಲಿ. ಉಪನ್ಯಾಸ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ತಮ್ಮ ಕಾಲೇಜಿನಲ್ಲೋ ಬಡಾವಣೆಯಲ್ಲೋ ಶುರುಮಾಡಬೇಕೆನ್ನುವವರು ದಯವಿಟ್ಟು ಬಂದು ಹೆಸರು ಕೊಡಿ.